ಕಷ್ಟದ ಕರೆ ಮುಗಿದ ಮೇಲೆ ಆಂಬುಲೆನ್ಸ್ ಸಿಬ್ಬಂದಿಗೆ ಆಸರೆ ಯಾರು?

ಪ್ರಶ್ನೆ (ಶಿರಾ, ತುಮಕೂರು ಜಿಲ್ಲೆ):
ಆರು ವರ್ಷಗಳಿಂದ ಆಂಬುಲೆನ್ಸ್‌ನಲ್ಲಿ ಇಎಂಟಿ (ತುರ್ತು ವೈದ್ಯಕೀಯ ತಂತ್ರಜ್ಞ) ಆಗಿದ್ದೇನೆ. ಐದು ವಾರಗಳ ಹಿಂದೆ ರಾಷ್ಟ್ರೀಯ ಹೆದ್ದಾರಿ 48ರ ಅಪಘಾತವೊಂದರಲ್ಲಿ ಮಗುವೊಂದು ನನ್ನ ಕೈಯಲ್ಲೇ ಪ್ರಾಣ ಬಿಟ್ಟಿತು. ಸ್ಟ್ರೆಚರ್ ತೊಳೆಯುವಾಗ ಅದರ ಒಂದು ಕಾಲಿನ ಚಪ್ಪಲಿ ಸಿಕ್ಕಿತು, ಅಷ್ಟರಲ್ಲಿ ಮುಂದಿನ ಕರೆ ಬಂದಿತ್ತು. ಅಂದಿನಿಂದ ಸರಿಯಾಗಿ ನಿದ್ದೆಯಿಲ್ಲ. ಮೇಲಿನವರಿಗೆ ಹೇಳಿಕೊಂಡರೆ ಕೈಲಾಗದವನೆಂದು ತಿಳಿದಾರೆಂಬ ಅಳುಕಿದೆ. ಹಿರಿಯರು ದಾರಿ ತೋರಿಸಬೇಕು.

ಉತ್ತರ 1 (ಮುಳಬಾಗಿಲು):
ಇದು ಕೈಲಾಗದತನವಲ್ಲ. ಅಂತಹ ಕರೆಯ ನಂತರ ನಾನೂ ನಮ್ಮ ಪೈಲಟ್ (ಆಂಬುಲೆನ್ಸ್ ಚಾಲಕ) ಅಣ್ಣನೂ ಗಾಡಿ ಶುಚಿಗೊಳಿಸಿ, ಟೀ ಕುಡಿಯುತ್ತ ಹತ್ತು ನಿಮಿಷ ಕೂರುತ್ತೇವೆ. ಮುಂದಿನ ಕರೆಗೆ ಮುನ್ನ ಆ ಬಿಡುವನ್ನು ಕೊಡುವುದು ಮೇಲ್ವಿಚಾರಕರ ಹೊಣೆಯೆಂದೇ ನನ್ನ ದೃಢವಾದ ಅಭಿಪ್ರಾಯ.

ಉತ್ತರ 2 (ಶುಶ್ರೂಷಾಧಿಕಾರಿ, ಕೋಲಾರ):
ಮೇಲಿನ ಮಾತಿಗೆ ಒಂದು ಸೇರ್ಪಡೆ: ಘಟನೆಯನ್ನು ವಿವರಿಸಿ ಹೇಳುವಂತೆ ಯಾರನ್ನೂ ಒತ್ತಾಯಿಸಬಾರದು, ಅದರಿಂದ ಕೆಲವರಿಗೆ ಹಾನಿಯೇ ಆಗಬಹುದು. ಆದರೆ ನಿದ್ರಾಹೀನತೆ, ಮತ್ತೆ ಮತ್ತೆ ಕಣ್ಮುಂದೆ ಬರುವ ದೃಶ್ಯಗಳು ತಿಂಗಳು ದಾಟಿದರೆ ಮನೋವೈದ್ಯರನ್ನು ಕಾಣಲೇಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿದ್ದು, ಕನ್ನಡದಲ್ಲೇ ಮಾತನಾಡಬಹುದು. ಚಿಕಿತ್ಸೆಯ ಗೋಪ್ಯತೆಯು 2017ರ ಮಾನಸಿಕ ಆರೋಗ್ಯ ಕಾಯ್ದೆ ನೀಡಿರುವ ಹಕ್ಕು. ದಯವಿಟ್ಟು ಇಂದೇ ಕರೆ ಮಾಡಿ.