ಸಹಾಯ ಬೇಕು: ಕೆಲೇಔಟ್‌ನಲ್ಲಿ (ಚಿಪ್ ಲೇಔಟ್ ಸಾಫ್ಟ್‌ವೇರ್) ಲೇಯರ್ ಪ್ಯಾಟರ್ನ್ ಕಾಯಂ ಉಳಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಸ್ಕೈವಾಟರ್ ಕಂಪನಿಯ 130 ನ್ಯಾನೋಮೀಟರ್ ಪಿಡಿಕೆ (ಚಿಪ್ ವಿನ್ಯಾಸಕ್ಕೆ ಬೇಕಾದ ನಿಯಮ, ಲೇಯರ್ ವಿವರಗಳ ಕಟ್ಟು) ಇಟ್ಟುಕೊಂಡು ಇಬ್ಬರು ಸೇರಿ ಇನ್ವರ್ಟರ್, ನ್ಯಾಂಡ್ ಗೇಟ್ ಲೇಔಟ್ ಮಾಡುತ್ತಿದ್ದೇವೆ.

ನನ್ನ ಜೊತೆಗಾರನಿಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣೋದಿಲ್ಲ. ಲೇಔಟ್‌ನಲ್ಲಿ ಪಾಲಿ (ಗೇಟ್ ಆಗುವ ಪಾಲಿಸಿಲಿಕಾನ್ ಲೇಯರ್) ಕೆಂಪು, ಡಿಫ್ಯೂಷನ್ (ಸೋರ್ಸ್, ಡ್ರೈನ್ ಆಗುವ ಲೇಯರ್) ಹಸಿರು ಅನ್ನೋದು ಹಳೇ ರೂಢಿ. ಅವೆರಡೂ ಒಂದನ್ನೊಂದು ದಾಟುವ ಕಡೆಯೇ ಟ್ರಾನ್ಸಿಸ್ಟರ್ ಆಗೋದು, ಅಲ್ವಾ? ಅಲ್ಲೇ ಅವನು ಸಿಕ್ಕಿಹಾಕಿಕೊಳ್ಳುತ್ತಾನೆ. ಮೊನ್ನೆ ಕೌಲ್‌ಬಜಾರ್‌ನ ನಮ್ಮ ರೂಮಿನಲ್ಲಿ ಸ್ಕ್ರೀನ್‌ಗೆ ಮೂಗು ತಾಗುವಷ್ಟು ಬಗ್ಗಿ ಟ್ರಾನ್ಸಿಸ್ಟರ್‌ನ ಗೇಟ್ ಹುಡುಕುತ್ತಿದ್ದ. ನನಗೆ ತುಂಬಾ ಬೇಜಾರಾಯಿತು.

ಅದಕ್ಕೇ ಬಣ್ಣ ಬಿಟ್ಟು ಪ್ಯಾಟರ್ನ್ ಹಿಡಿದೆ. ಪಾಲಿಗೆ (ಲೇಯರ್ ನಂಬರ್ 66/20) ಓರೆಗೆರೆ, ಡಿಫ್ಯೂಷನ್‌ಗೆ (65/20) ಚುಕ್ಕೆ, ಮೆಟಲ್ 1ಕ್ಕೆ (68/20) ಬರೀ ಅಂಚು. ಅವನಿಗೆ ತಕ್ಷಣ ಗೊತ್ತಾಯಿತು! ಆದರೆ ಬೇರೆ ಜಿಡಿಎಸ್ ಫೈಲ್ (ಲೇಔಟ್‌ನ ಆಕಾರಗಳಿರುವ ಫೈಲ್) ತೆರೆದರೆ ಮತ್ತೆ ಸಾಫ್ಟ್‌ವೇರ್ ತಾನೇ ಹಚ್ಚಿದ ಬಣ್ಣ, ಹೆಸರಿಲ್ಲದ ನಂಬರುಗಳು. ಜಿಡಿಎಸ್ ಒಳಗೆ ಬಣ್ಣ ಇರೋದಿಲ್ಲ ಅಂತ ಗೊತ್ತು. ನನ್ನ ಪ್ಯಾಟರ್ನ್‌ಗಳನ್ನು ಎಲ್‌ವೈಪಿ ಫೈಲ್ (ಲೇಯರ್‌ಗಳ ಬಣ್ಣ, ಪ್ಯಾಟರ್ನ್, ಹೆಸರು ಇರುವ ಫೈಲ್) ಆಗಿ ಸೇವ್ ಮಾಡಿಟ್ಟಿದ್ದೇನೆ. ಪ್ರತಿ ಸಲ ಕೈಯಾರೆ ಲೋಡ್ ಮಾಡಬೇಕಾಗಿದೆ.

ಕೆಲೇಔಟ್‌ನ ಟೆಕ್ನಾಲಜಿ ಮ್ಯಾನೇಜರ್‌ನಲ್ಲಿ (ಒಂದೊಂದು ಚಿಪ್ ತಂತ್ರಜ್ಞಾನದ ಸೆಟ್ಟಿಂಗ್ ಇಡುವ ಜಾಗ) ಈ ಫೈಲ್ ಸೇರಿಸಿದೆ. ಆದರೂ ಫೈಲ್ ತೆರೆಯುವಾಗ ಡೀಫಾಲ್ಟ್ ಟೆಕ್ನಾಲಜಿಯೇ ಬರುತ್ತದೆ. ನಮ್ಮದೇ ಮೊದಲು ಬರುವಂತೆ ಎಲ್ಲಿ ಬದಲಿಸಬೇಕು? ಲ್ಯಾಬ್‌ನ ಕಂಪ್ಯೂಟರ್‌ನಲ್ಲೂ ಹಾಗೇ ಬರಬೇಕು.

ಇನ್ನೊಂದು. ದೂರದಿಂದ ನೋಡಿದರೆ ಗೆರೆ, ಚುಕ್ಕೆ ಎಲ್ಲ ಕಲಸಿಹೋಗುತ್ತವೆ. ಗೇಟ್ ಜಾಗದಲ್ಲಂತೂ ಜಾಸ್ತಿ. ಒಂದರ ಮೇಲೊಂದು ಬಿದ್ದರೂ ಎರಡೂ ಕಾಣುವ ಪ್ಯಾಟರ್ನ್ ಯಾವುದು? ಬಣ್ಣಗುರುಡು ಇರುವವರು ಯಾರಾದರೂ ಇಲ್ಲಿದ್ದರೆ, ದಯವಿಟ್ಟು ನಿಮ್ಮ ಎಲ್‌ವೈಪಿ ಫೈಲ್ ಹಂಚಿಕೊಳ್ಳಿ.