‘ಮರಗಟ್ಟು’ ಅಂದರೆ ಗಡಸೋ, ಜೋಮೋ?

ಗೆಳೆಯರೇ,

ಬಾಯಿ, ಗಂಟಲು ಕ್ಯಾನ್ಸರಿನ ಆಪರೇಷನ್ನು, ರೇಡಿಯೇಷನ್ನು ಮುಗಿಸಿಕೊಂಡವರು ಮನೆಯಲ್ಲೇ ಕತ್ತು, ಮುಖದ ಆರೈಕೆ ಮಾಡಿಕೊಳ್ಳುವುದು ಹೇಗೆಂದು ಇಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಒಂದು ಹಾಳೆ ಬರೆದುಕೊಡುತ್ತಿದ್ದೇನೆ. ಓದುವವರು ಕೋಲಾರದವರೂ ಇದ್ದಾರೆ, ಕಲಬುರಗಿಯವರೂ ಇದ್ದಾರೆ. ಪದಗಳಿಗೆ ನಿಮ್ಮ ನೆರವು ಬೇಕು.

ಲಿಂಫೆಡೀಮಾಗೆ ಸದ್ಯ ‘ನೀರೂತ’ ಎಂದು ಹಾಕಿದ್ದೇನೆ. ಕತ್ತಿನ ಲಿಂಫ್ ಗ್ರಂಥಿಗಳನ್ನು ತೆಗೆದಾಗ ಅಥವಾ ರೇಡಿಯೇಷನ್ನಿಗೆ ನಾಳಗಳು ಕೆಟ್ಟಾಗ, ಹರಿದುಹೋಗಬೇಕಾದ ಲಿಂಫ್ ಎಂಬ ದ್ರವ ಗದ್ದದ ಕೆಳಗೆ ನಿಲ್ಲುತ್ತದೆ. ಮಲಗಿ ಎದ್ದಾಗ ಜಾಸ್ತಿ, ಹೊತ್ತು ಏರಿದಂತೆ ಕಮ್ಮಿ. ದಿಂಬು ಎತ್ತರಿಸಿ ಮಲಗಿ ಅನ್ನುವುದು ಅದಕ್ಕೇ. ಲಿಂಫ್‌ಗೆ ಪಠ್ಯಪುಸ್ತಕದ ‘ದುಗ್ಧರಸ’ ಬಳಸಿದರೆ ಹಾಲಿನ ಮಾತೇಕೆ ಬಂತು ಅಂತ ಕೇಳುತ್ತಾರೆ. ‘ಬಾವು’ ಪದವನ್ನು ಬೇಕಂತಲೇ ಬಿಟ್ಟಿದ್ದೇನೆ. ಚರ್ಮ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದು ಸೋಂಕು. ಊತ ಇಳಿಸಲು ಮಾಡುವ ಮಸಾಜ್ ನಿಲ್ಲಿಸಿ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಆ ಎಚ್ಚರಿಕೆಗೆ ‘ಬಾವು’ ಇರಲಿ ಅಂತ. ಆದರೆ ಉತ್ತರ ಕರ್ನಾಟಕದಲ್ಲಿ ಬರೀ ಊತಕ್ಕೂ ಬಾವು ಅಂತಾರಲ್ಲ, ಆ ಕಡೆಯವರು ಹೇಳಬೇಕು.

ನಿಜವಾದ ತೊಡಕು ಫೈಬ್ರೋಸಿಸ್‌ನದು. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಚರ್ಮ, ಅದರಡಿಯ ಮಾಂಸ ಗಟ್ಟಿಯಾಗಿ ಕತ್ತು ಹೊರಳಿಸಲು, ಬಾಯಿ ತೆರೆಯಲು ಕಷ್ಟವಾಗುತ್ತದೆ. ಹಳೆಯ ಕರಡಿನಲ್ಲಿ ಯಾರೋ ‘ಕತ್ತು ಮರಗಟ್ಟುತ್ತದೆ’ ಎಂದು ಬರೆದಿದ್ದರು. ಮರದಂತೆ ಗಟ್ಟಿ ಎಂಬ ಅರ್ಥದಲ್ಲಿ ಸರಿಯೇ. ಆದರೆ ನಮ್ಮ ಬಾಯಲ್ಲಿ ಮರಗಟ್ಟು ಅಂದರೆ ಸ್ಪರ್ಶ ತಿಳಿಯದಿರುವುದು. ಇವರಿಗೆ ಅದೂ ಇರುತ್ತದೆ: ಆಪರೇಷನ್ನಿನಲ್ಲಿ ಚರ್ಮದ ನರಗಳಿಗೆ ಪೆಟ್ಟಾಗಿ ಕಿವಿಯ ಕೆಳಗೆ ಜೋಮು. “ಇಲ್ಲಿ ಮರಗಟ್ಟಿದೆ ಸಾರ್, ಬ್ಲೇಡು ಕುಯ್ದರೂ ಗೊತ್ತಾಗಲ್ಲ, ರಕ್ತ ಕಂಡ ಮೇಲೇ ಗೊತ್ತಾಗೋದು” ಅಂದರು ಒಬ್ಬ ಹಿರಿಯರು. (ಅಂಥವರಿಗೆ ಎಲೆಕ್ಟ್ರಿಕ್ ಶೇವರ್ ವಾಸಿ.) ಅದೇ ಕತ್ತನ್ನು ತಿರುಗಿಸಿ ನೋಡಿ ಅಂದಾಗ, “ಸೆಟಕೊಂಡಿದೆ” ಅಂದರು. ಎರಡೂ ಬೇರೆ ಎಂಬುದು ಅವರ ಮಾತಿನಲ್ಲಿ ಎಷ್ಟು ಸ್ಪಷ್ಟ! ‘ನಾರುಗಟ್ಟುವಿಕೆ’ ವೈದ್ಯರ ಪುಸ್ತಕಕ್ಕೆ ಇರಲಿ, ಹಾಳೆಗೆ ‘ಗಡಸಾಗಿ ಸೆಟೆದುಕೊಳ್ಳುವುದು’ ಎಂದೇ ಹಾಕೋಣವೆಂದಿದ್ದೇನೆ. ಆಕ್ಷೇಪ ಇದ್ದರೆ ಹೇಳಿ.

ಇನ್ನು ನೀರೂತ ಇಳಿಸುವ ಆ ಮಸಾಜ್. ಮಾಲೀಶು ಅಂದರೆ ಎಣ್ಣೆ ಬಟ್ಟಲು ಬರುತ್ತದೆ, ತಿಕ್ಕು ಅಂದರೆ ಬಲ ಬರುತ್ತದೆ. ಇಲ್ಲಿ ಎರಡೂ ಕೂಡದು. ಮೊದಲು ಕಂಕುಳು, ಆಮೇಲೆ ಕತ್ತು, ಕೊನೆಗೆ ಮುಖ: ದ್ರವ ಹೋಗುವ ದಾರಿಯನ್ನು ಮುಂಚೆ ತೆರವು ಮಾಡುವ ಕ್ರಮ ಅದು. ಅಂಗೈ ಚರ್ಮದ ಮೇಲೆ ಜಾರಬಾರದು. ಅಂಟಿಕೊಂಡೇ ಚರ್ಮವನ್ನು ಒಂದಿಷ್ಟು ಎಳೆದು ಬಿಡಬೇಕು, ಅಡಿಯ ಮಾಂಸಖಂಡಕ್ಕೆ ಒತ್ತು ಬೀಳದಷ್ಟು ಹಗುರವಾಗಿ. ಯಾರು, ಎಷ್ಟು ಮಾಡಬಹುದೆಂದು ಥೆರಪಿಸ್ಟ್ ಮೊದಲು ಕೈಹಿಡಿದು ತೋರಿಸುತ್ತಾರೆ, ಆದರೂ ಮನೆಗೆ ಹೋದ ಮೇಲೆ ಹಾಳೆಯೇ ಗತಿ. ‘ನೇವರಿಸು’ ಅಂದರೆ ಕೈ ಜಾರುತ್ತದೆ. ‘ನೀವು’ ಹತ್ತಿರದ್ದು, ಆದರೆ “ನೀವು ನಿಧಾನವಾಗಿ ನೀವಿಕೊಳ್ಳಿ” ಎಂದು ಬರೆದು ನಾನೇ ನಕ್ಕೆ.

ಕೈ ಜಾರದೆ ಚರ್ಮ ಮಾತ್ರ ಸರಿಯುವ ಈ ಕ್ರಿಯೆಗೆ ನಿಮ್ಮ ಸೀಮೆಯ ಸೂಲಗಿತ್ತಿಯರು, ಉಳುಕು ತೆಗೆಯುವವರು ಏನನ್ನುತ್ತಾರೆ?