2020ರಿಂದ ನಿಂತ ಡೀಸೆಲ್ ಜೀಪು: ಸೆಲ್ಫ್ ಹೊಡೆಯುವ ಮೊದಲು ಏನೇನು ನೋಡಬೇಕು?

ತೋಟದ ಜೀಪು, ಶಿರಸಿ:

ಎಲ್ಲರಿಗೂ ನಮಸ್ಕಾರ. ಮಾವನ ಮನೆಯಲ್ಲಿ ಒಂದು ಹಳೇ ಮಹೀಂದ್ರಾ ಎಂಎಂ 540 ಇದೆ, ಪೂಜೋ ಡೀಸೆಲ್ ಎಂಜಿನ್, ಎಳೆದು ಬಂದ್ ಮಾಡುವ ಸ್ಟಾಪ್ ಕೇಬಲ್. 2020ರ ಮಳೆಗಾಲದಿಂದ ಕೊಟ್ಟಿಗೆ ಪಕ್ಕದ ಮಾಡಿನಡಿ ನಿಂತೇ ಇದೆ. ನಿಲ್ಲಿಸುವಾಗ ಚೆನ್ನಾಗಿಯೇ ಓಡುತ್ತಿತ್ತು, ಅಡಿಕೆ ಮೂಟೆ ಹೇರಿಕೊಂಡು ಪೇಟೆಗೆ ಹೋಗಿ ಬರುತ್ತಿತ್ತು. ಈಗ ಮಾವ "ಚಾಲೂ ಮಾಡಿದ್ರೆ ನಿಂದೇ, ತಗೊಂಡು ಹೋಗು" ಅಂದಿದ್ದಾರೆ. ಬ್ಯಾಟರಿ ಸತ್ತಿದೆ, ಅದು ಹೊಸದು ಹಾಕುತ್ತೇನೆ. ಟ್ಯಾಂಕಿನಲ್ಲಿ ಅರ್ಧದಷ್ಟು ಡೀಸೆಲ್ ಇದೆಯಂತೆ. ಏರ್ ಫಿಲ್ಟರ್ ಹತ್ತಿರ ಇಲಿ ಸೋಗೆ ಚೂರು, ಅಡಿಕೆ ಸಿಪ್ಪೆ ಎಲ್ಲ ತಂದು ಗೂಡು ಕಟ್ಟಿದೆ. ಸಲಹೆಗಂತೂ ಊರಲ್ಲಿ ಬರವಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಗೇರಿಗೆ ಹಾಕು ಅಂತ ಒಬ್ಬರು, ಸ್ಟಾರ್ಟಿಂಗ್ ಸ್ಪ್ರೇ ಹೊಡಿ ಅಂತ ಇನ್ನೊಬ್ಬರು. ಇಂಥದ್ದು ಮಾಡಿ ಗೊತ್ತಿರುವವರು ಹೇಳಿ, ಎಲ್ಲಿಂದ ಶುರು ಮಾಡಲಿ?

ಹಳೇ ಡೀಸೆಲ್, ಕುಮಟಾ:

ಟ್ರ್ಯಾಕ್ಟರಿನವರಿಗೆ ಮೊದಲು ಕವಳ ಕೊಟ್ಟು ಮನೆಗೆ ಕಳಿಸಿ.

ಚಾಲೂ ಆಗುತ್ತದಾ ಅನ್ನುವುದು ಆಮೇಲಿನ ಮಾತು. ಚಾಲೂ ಆದರೆ ನಿಲ್ಲಿಸಲು ಆಗುತ್ತದಾ ಅನ್ನುವುದನ್ನು ಮೊದಲು ನೋಡಿಕೊಳ್ಳಿ. ನಿಮ್ಮ ಎಂಜಿನ್ ಓಡುವುದಕ್ಕೆ ಕರೆಂಟ್ ಬೇಡ, ಡೀಸೆಲ್ ಮತ್ತು ಗಾಳಿ ಸಿಕ್ಕುವವರೆಗೆ ಓಡುತ್ತಲೇ ಇರುತ್ತದೆ, ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡರೂ ಅಷ್ಟೇ. ಎಂಜಿನ್ನಿಗೆ ಡೀಸೆಲ್ ಅಳೆದು ಕೊಡುವ ಪಂಪ್ ಇದೆಯಲ್ಲ, ಇಷ್ಟು ವರ್ಷ ನಿಂತ ಅದರಲ್ಲಿ ಹಳೇ ಡೀಸೆಲ್ ಅಂಟಾಗಿರುತ್ತದೆ. ಇನ್‌ಲೈನ್ ಪಂಪ್ (ಸಿಲಿಂಡರಿಗೊಂದರಂತೆ ಸಾಲಾಗಿ ಪ್ಲಂಜರ್ ಇರುವುದು) ಆಗಿದ್ದರೆ ಡೀಸೆಲ್ ಹೆಚ್ಚು ಕಡಿಮೆ ಮಾಡುವ ಒಳಗಿನ ಸರಳು, ಅಂದರೆ ರ‍್ಯಾಕ್, ಜಾಸ್ತಿ ಡೀಸೆಲ್ ಕೊಡುವ ಕಡೆಗೇ ಹಿಡಿದುಕೊಂಡಿರಬಹುದು. ಹಾಗೆ ಹಿಡಿದಿದ್ದರೆ ಚಾಲೂ ಆದ ಕೂಡಲೇ ಎಂಜಿನ್ ಕಿರುಚಿಕೊಂಡು ಏರುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಇಳಿಯುವುದಿಲ್ಲ. ಅದಕ್ಕೇ, ಒಬ್ಬರು ಒಳಗೆ ಕೂತು ಸ್ಟಾಪ್ ಕೇಬಲ್ ಎಳೆಯಲಿ, ನೀವು ಬಾನೆಟ್ ಎತ್ತಿ ಪಂಪಿನ ಮೇಲಿನ ಲಿವರ್ ನೋಡಿ. ಕೊನೆವರೆಗೂ ಹೋಗಬೇಕು, ಬಿಟ್ಟ ಕೂಡಲೇ ಟಕ್ ಅಂತ ವಾಪಸ್ ಬರಬೇಕು. ಬಾನೆಟ್ ಎತ್ತುವಾಗ ಕೈ ಹಾಕುವ ಮೊದಲು ಟಾರ್ಚ್ ಹಾಕಿ, ಇಲಿ ಇದ್ದಲ್ಲಿ ಹಾವು ಇರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ ಅಲ್ವಾ.

ಇನ್ನು ಎಂಜಿನ್ ತಿರುಗಿಸುವುದು. ಸೆಲ್ಫ್ ಬೇಡ, ಟ್ರ್ಯಾಕ್ಟರ್ ಬೇಡವೇ ಬೇಡ. ಚಾಲೂ ಮಾಡುವಾಗ ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ ನಾಲ್ಕೂ ಬಿಚ್ಚಿ, ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಪುಲ್ಲಿ ನಟ್ಟಿಗೆ ಪಾನಾ ಹಾಕಿ ಎಂಜಿನ್ ಓಡುವ ದಿಕ್ಕಿನಲ್ಲೇ ಕೈಯಲ್ಲಿ ಪೂರ್ತಿ 2 ಸುತ್ತು ತಿರುಗಿಸಿ. 2 ಸುತ್ತಿಗೆ ನಾಲ್ಕೂ ಸಿಲಿಂಡರ್ ಒಂದೊಂದು ಸರದಿ ಮುಗಿಸುತ್ತವೆ. ಸಿಲಿಂಡರಿನಲ್ಲಿ ನೀರು ಕೂತಿದ್ದರೆ ಆ ತೂತಿನಿಂದ ಹೊರಗೆ ಬರುತ್ತದೆ. ನೀರು ಒತ್ತಿಕೊಳ್ಳುವ ವಸ್ತು ಅಲ್ಲ, ಪ್ಲಗ್ ಹಾಕಿಟ್ಟೇ ಎಳೆದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಜಾಮ್ ಆಗಿದ್ದರೆ ಪಾನಾಕ್ಕೆ ಪೈಪ್ ಸಿಕ್ಕಿಸಿ ಜೋರು ಮಾಡಬೇಡಿ, ಪ್ಲಗ್ ತೂತಿನಲ್ಲಿ ಗೇರ್ ಆಯಿಲ್‌ಗಿಂತ ತೆಳುವಾದ ಎಣ್ಣೆ ಸ್ವಲ್ಪ ಹಾಕಿ (ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಆದರೆ ಒಳ್ಳೇದು) ಎರಡು ಮೂರು ದಿನ ಹಾಗೇ ಇಡಿ.

ಸ್ಪ್ರೇ ಬೇಡ. ಅದರಲ್ಲಿರುವುದು ಈಥರ್. ಬಿಸಿ ಹೀಟರ್ ಪ್ಲಗ್‌ಗೆ ಅದು ತಾಗಿದರೆ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುತ್ತದೆ. ಪಿಸ್ಟನ್ ರಿಂಗ್ ಹೋದರೆ ಕೆಲಸ ದೊಡ್ಡದಾಗುತ್ತದೆ.

ಬೈತಖೋಲ್ ಬೋಟ್, ಕಾರವಾರ:

ನಮಗೆ ಇದು ವರ್ಷ ವರ್ಷದ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ಬಂದ್, ಬೋಟ್ ಸುಮ್ನೆ ನಿಂತಿರುತ್ತದೆ. ಎರಡೇ ತಿಂಗಳಿಗೇ ನಾವು ಡೀಸೆಲ್ ನೋಡದೆ ಸೆಲ್ಫ್ ಹೊಡೆಯುವುದಿಲ್ಲ.

ಅರ್ಧ ಟ್ಯಾಂಕ್ ಅಂದಿರಲ್ಲ, ತೊಂದರೆ ಇರುವುದೇ ಅಲ್ಲಿ. ಮೇಲಿನ ಅರ್ಧದಲ್ಲಿ ಗಾಳಿ, ನಮ್ಮ ಕಡೆ ಮಳೆಗಾಲದ ಗಾಳಿ ಅಂದರೆ ಅರ್ಧ ನೀರೇ. ರಾತ್ರಿ ತಂಪಿಗೆ ಟ್ಯಾಂಕಿನ ಒಳಗೋಡೆಯಲ್ಲಿ ಹನಿ ಕಟ್ಟುತ್ತದೆ, ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಹೋಗಿ ಕೂರುತ್ತದೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಬೆಳೆದು ಕಪ್ಪು ಲೋಳೆ ಆಗುತ್ತದೆ. ತಳದಿಂದ ಸ್ವಲ್ಪ ಡೀಸೆಲ್ ಒಂದು ಗಾಜಿನ ಬಾಟಲಿಗೆ ಇಳಿಸಿ ಒಂದು ರಾತ್ರಿ ಅಲುಗಾಡಿಸದೆ ಇಡಿ. ಬೆಳಿಗ್ಗೆ ಕೆಳಗೆ ನೀರಿನ ಪಟ್ಟಿ, ಅದರ ಮೇಲೆ ಕಪ್ಪು ಕೆನೆ ತರಹದ್ದು, ಮೇಲೆ ಡೀಸೆಲ್, ಮೂರೂ ಬೇರೆ ಬೇರೆ ಕಾಣುತ್ತವೆ. ಅದರ ಮೇಲೇ ಹೊಸ ಡೀಸೆಲ್ ಹಾಕಿದರೆ ಏನೂ ಉಪಯೋಗ ಇಲ್ಲ. ಎಲ್ಲ ಇಳಿಸಿ, ಸಾಧ್ಯವಾದರೆ ಟ್ಯಾಂಕನ್ನೇ ಬಿಚ್ಚಿ ತೊಳೆಯಿರಿ, ಡೀಸೆಲ್ ಫಿಲ್ಟರ್ ಹೊಸದು ಹಾಕಿ.

ಎಂಜಿನ್ ಆಯಿಲ್ ಡಿಪ್ ಸ್ಟಿಕ್‌ನಲ್ಲಿ ಹಾಲು ಬೆರೆಸಿದ ಹಾಗೆ ಕಂಡರೆ ನೀರು ಸೇರಿದೆ ಅಂತ. ಕಾಣದಿದ್ದರೂ ಆಯಿಲ್ ಬದಲಿಸಿಯೇ ಚಾಲೂ ಮಾಡಿ. ಆಮೇಲೆ ಸ್ಟಾಪ್ ಕೇಬಲ್ ಎಳೆದಿಟ್ಟುಕೊಂಡೇ 10 ಸೆಕೆಂಡ್ ಸೆಲ್ಫ್ ಹೊಡೆಯಿರಿ, ಒಂದೆರಡು ನಿಮಿಷ ಸೆಲ್ಫ್ ಮೋಟರ್ ತಣಿಯಲಿ, ಮತ್ತೆ ಹೊಡೆಯಿರಿ. ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೆ ಡೀಸೆಲ್ ಕೊಡಬೇಡಿ, ಬೇರಿಂಗ್ ಒಣಗಿರುತ್ತವೆ.

ಮುಳ್ಳು ಎದ್ದ ಮೇಲೆ ಡೀಸೆಲ್ ಪೈಪಿನೊಳಗಿನ ಏರ್ ತೆಗೆಯುವುದು. ಡೀಸೆಲ್ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಆಗ ಬಿಗಿ ಮಾಡಿ. ಕೊನೆಗೆ ಸ್ಟಾಪ್ ಕೇಬಲ್ ಒಳಗೆ ತಳ್ಳಿ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನೋಝಲ್ ಕಡೆಯ ಪೈಪ್ ನಟ್ ಸಡಿಲ ಮಾಡಿ ಸೆಲ್ಫ್ ಹೊಡೆಯಿರಿ, ನಾಲ್ಕರಲ್ಲೂ ಡೀಸೆಲ್ ಚಿಮ್ಮಿದರೆ ಬಿಗಿ ಮಾಡಿ. ಕೈ ಹತ್ತಿರ ಒಯ್ಯಬೇಡಿ, ಆ ಒತ್ತಡ ಚರ್ಮದೊಳಗೇ ಡೀಸೆಲ್ ತೂರಿಸುತ್ತದೆ. ಇದನ್ನು ಓದಿ ಯಾರಾದರೂ ಕಾಮನ್ ರೈಲ್ ಗಾಡಿಯಲ್ಲಿ (ಕಂಪ್ಯೂಟರ್ ನಡೆಸುವ, ಇನ್ನೂ ಹೆಚ್ಚು ಒತ್ತಡದ ಹೊಸ ಡೀಸೆಲ್ ಎಂಜಿನ್) ನೋಝಲ್ ಪೈಪ್ ಬಿಚ್ಚಲು ಹೋಗಬೇಡಿ ಮಾರಾಯ್ರೇ, ಅದರ ಕಥೆಯೇ ಬೇರೆ.

ತೋಟದ ಜೀಪು, ಶಿರಸಿ:

ಇಬ್ಬರಿಗೂ ಥ್ಯಾಂಕ್ಸ್. ಪಾನಾದಲ್ಲಿ ಎಂಜಿನ್ ತಿರುಗಿತು, ಪ್ಲಗ್ ತೂತಿನಿಂದ ನೀರು ಬರಲಿಲ್ಲ. ಬಾಟಲಿಯಲ್ಲಿ ಮಾತ್ರ ಬೈತಖೋಲಿನವರು ಹೇಳಿದ ಮೂರೂ ಪಟ್ಟಿ ಕಂಡಿತು, ಟ್ಯಾಂಕ್ ಬಿಚ್ಚಿದ್ದೇವೆ. ಈಗ ಒಂದು ಡೌಟು. ಸ್ಟಾಪ್ ಲಿವರ್ ಎಳೆದರೆ ಹೋಗುತ್ತದೆ, ಆದರೆ ಬಿಟ್ಟರೆ ಟಕ್ ಅನ್ನುವುದಿಲ್ಲ, ನಿಧಾನಕ್ಕೆ ವಾಪಸ್ ಬರುತ್ತದೆ. ನಡೆಯುತ್ತದಾ?

ಹಳೇ ಡೀಸೆಲ್, ಕುಮಟಾ:

ಕೇಬಲ್ಲನ್ನು ಲಿವರಿನಿಂದ ಬಿಚ್ಚಿ ಬರೀ ಬೆರಳಲ್ಲಿ ಆಡಿಸಿ ನೋಡಿ. ಆಗ ಚುರುಕಾಗಿ ಬಂದರೆ ತುಕ್ಕು ಇರುವುದು ಕೇಬಲ್ಲಿನಲ್ಲಿ, ಹೊಸದು ಹಾಕಿ. ಆಗಲೂ ನಿಧಾನ ಅಂದರೆ ಪಂಪೇ ಹಿಡಿದಿದೆ. ಆಗ ಚಾಲೂ ಮಾಡಬೇಡಿ, ಪಂಪ್ ಬಿಚ್ಚಿ ಹುಬ್ಬಳ್ಳಿಗೆ ಪಂಪ್ ಕೆಲಸದವರಿಗೆ ಕಳಿಸಿ. ಖರ್ಚು ಇದೆ, ಆದರೆ ಎಂಜಿನ್ನಿಗಿಂತ ಕಡಿಮೆ. ಸರಿ ಇದ್ದರೂ ಮೊದಲ ಸಲ ಏರ್ ಫಿಲ್ಟರ್ ಪೈಪ್ ಬಿಚ್ಚಿಟ್ಟು, ಗಾಳಿ ಹೋಗುವ ಬಾಯಿ ಮುಚ್ಚಲು ಒಬ್ಬರು ದಪ್ಪ ಹಲಗೆ ಹಿಡಿದು ನಿಂತಿರಲಿ. ಅಂಗೈ ಇಡಬೇಡಿ, ಬಟ್ಟೆ ಇಟ್ಟರೆ ಒಳಗೆ ಎಳೆದುಕೊಳ್ಳುತ್ತದೆ.

ಘಟ್ಟದ ಮೇಲಿನವ, ಯಲ್ಲಾಪುರ:

ಎಂಜಿನ್ ಬಗ್ಗೆ ಎಲ್ಲ ಹೇಳಿ ಆಯಿತು. ಕ್ಲಚ್ ತುಳಿದು ಗೇರ್ ಹಾಕಿ ತಳ್ಳಿ ನೋಡಿ, ಗಾಡಿ ಸಲೀಸಾಗಿ ಹೋಗದಿದ್ದರೆ ತೇವಕ್ಕೆ ಕ್ಲಚ್ ಪ್ಲೇಟ್ ಎಂಜಿನ್ನಿನ ಫ್ಲೈವೀಲ್ ಚಕ್ರಕ್ಕೆ ಅಂಟಿಕೊಂಡಿರಬಹುದು. ಬ್ರೇಕ್ ಡ್ರಮ್ ನಾಲ್ಕೂ ಬಿಚ್ಚಿ ವೀಲ್ ಸಿಲಿಂಡರ್ ನೋಡದೆ ದೇವಿಮನೆ ಘಟ್ಟ ಇಳಿಸಬೇಡಿ. ಆರ್‌ಸಿ 15 ವರ್ಷ ದಾಟಿದ್ದರೆ ರಿನೀವಲ್ ಆಗಿದೆಯಾ ಅಂತ ಮಾವನನ್ನು ಈಗಲೇ ಕೇಳಿ, ಇನ್ಶೂರೆನ್ಸ್ ಇಲ್ಲದೆ ಅಂಗಳ ಬಿಟ್ಟು ರಸ್ತೆಗೆ ತರಬೇಡಿ.